ಪ್ರೇಮಾವತಿಯ ನಿಂತ ಚಪ್ಪರ

ಮುಳ್ಳುಸೌತೆಗೆ ಚಪ್ಪರ ಹಾಕುವುದೆಂದರೆ ಪುಂಜಾಲಕಟ್ಟೆಯವರಿಗೆ ಗೊತ್ತಿದ್ದದ್ದು ಒಂದೇ ರೀತಿ: ನಾಲ್ಕು ಕಂಬ ನೆಡು, ಮೇಲೆ ಕೊಂಬೆ ಹಾಸು, ಬಳ್ಳಿ ಅಲ್ಲಿ ಹಾಯಾಗಿ ಮಲಗಲಿ. ಪ್ರೇಮಾವತಿಗೆ ಅದು ಹಿಡಿಸಲಿಲ್ಲ. ಆ ವರ್ಷ ಅವಳು ಬಿದಿರು ಸೀಳಿ, ತೆಂಗಿನ ಹುರಿಹಗ್ಗದಿಂದ ಚೌಕ ಚೌಕವಾಗಿ ಬಿಗಿದು, ದನದ ಹಟ್ಟಿಯ ಗೋಡೆಯ ಮುಂದೆ, ಮಾರ್ಗಕ್ಕೆ ಮುಖ ಮಾಡಿ, ಆಳೆತ್ತರದ ತಟ್ಟಿಯೊಂದನ್ನು ನೆಟ್ಟಗೆ ನಿಲ್ಲಿಸಿದಳು. ಬಳ್ಳಿಗೂ ಅದೇ ಬೇಕಿತ್ತೋ ಏನೋ, ಜಡಿಮಳೆಯ ಆಟಿ ತಿಂಗಳು ಹಿಡಿಯುವಷ್ಟರಲ್ಲಿ ತುದಿ ಮುಟ್ಟಿ, ಇನ್ನೆಲ್ಲಿಗೆ ಹೋಗಲಿ ಎಂದು ಗಾಳಿಯಲ್ಲಿ ತಡಕಾಡತೊಡಗಿತು.

"ಇದೆಂಥದು ಮಾರಾಯ್ತಿ, ಬಳ್ಳಿಯನ್ನು ಶಾಲೆ ಮಕ್ಕಳ ಹಾಗೆ ನಿಲ್ಲಿಸಿದ್ದೀಯಲ್ಲ," ಎಂದರು ಅಜ್ಜಿ ಸೇಸಮ್ಮ.

ಅಜ್ಜಿಯ ಅಸಲು ಸಂಕಟ ಬೇರೆ. ಎಳೆ ಮಿಡಿಗೆ ಬೆರಳು ತೋರಿಸಬಾರದು, ತೋರಿಸಿದರೆ ಕೊಳೆಯುತ್ತದೆ. ಇದು ಊರಿಗೇ ಗೊತ್ತಿರುವ ಮಾತು. ಮಲಗಿದ ಚಪ್ಪರದಲ್ಲಾದರೆ ಮಿಡಿಗಳು ಎಲೆಯ ಮರೆಯಲ್ಲಿ ಮಾನವಾಗಿ ಇರುತ್ತಿದ್ದವು. ಈಗ ಊರಿಗೆಲ್ಲ ಕಾಣುವಂತೆ ಜೋತಾಡುತ್ತಿವೆ. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಬಸ್ಸು ನಿಂತಾಗಲೆಲ್ಲ ಅಜ್ಜಿ ಜಗಲಿಯಿಂದ ಎದ್ದು, "ಗದ್ದದಲ್ಲಿ ತೋರಿಸಿ, ಬೆರಳಲ್ಲಿ ಬೇಡ," ಎಂದು ಕೂಗುತ್ತಿದ್ದರು. ಬಸ್ಸಿನವರು ನಗುತ್ತಿದ್ದರು. ಆದರೂ ಬೆರಳು ಮಡಚುತ್ತಿದ್ದರು.

ಆಟಿ ಮುಗಿಯುತ್ತ ಬಂದಾಗ ಲೋಕನಾಥ ಬಂದ. ಮುಂಡಾಜೆಯವನು, ಮಾರ್ಗದ ಕೆಲಸದ ಓವರ್ಸಿಯರ್. ಹತ್ತಿರದಲ್ಲೇ ಮೋರಿ ಕಟ್ಟಿಸುತ್ತಿದ್ದವನು ಬಾಯಾರಿಕೆ ಎಂದು ಅಂಗಳಕ್ಕೆ ಬಂದು, ಪ್ರೇಮಾವತಿ ನೀರು ಬೆಲ್ಲ ತಂದುಕೊಟ್ಟರೆ, ಕುಡಿಯುವುದನ್ನೇ ಮರೆತು ತಟ್ಟಿಯನ್ನು ನೋಡುತ್ತ ನಿಂತ.

"ನಮ್ಮ ಮೇಸ್ತ್ರಿಗಳು ತೂಗುಗುಂಡು ಹಿಡಿದರೂ ಇಷ್ಟು ನೇರ ಬರುವುದಿಲ್ಲ. ಇದನ್ನು ಕಟ್ಟಿದ್ದು ಯಾರು?"

"ನಾನೇ," ಎಂದಳು ಪ್ರೇಮಾವತಿ. ಅಷ್ಟು ದಿನಗಳಲ್ಲಿ ಹಾಗೆ ಕೇಳಿದವನು ಅವನೊಬ್ಬನೇ.

"ಭಾರೀ ಚಂದ ಉಂಟು. ಗಾಳಿ, ಬೆಳಕು ಎಲ್ಲ ಸಮ ಸಿಗ್ತದೆ. ಈ ಮಿಡಿ ನೋಡಿ," ಎನ್ನುತ್ತ ಲೋಕನಾಥ ತೋರುಬೆರಳನ್ನು ಒಂದು ಮಿಡಿಯ ಮೂಗಿಗೇ ತಂದ.

"ಬೆರಳು ಕಚ್ಚಿಕೊಳ್ಳಿ," ಎಂದು ಜಗಲಿಯಿಂದ ಅಜ್ಜಿ ಗುಡುಗಿದರು.

ದೋಷಕ್ಕೆ ಅದೇ ಪರಿಹಾರ. ಪಾಪ, ಓವರ್ಸಿಯರ್ ಯಾಕೆ ಏನು ಎಂದು ಕೇಳದೆ ಬೆರಳು ಕಚ್ಚಿಕೊಂಡು ನಿಂತ. ಪ್ರೇಮಾವತಿ ನಗು ತಡೆಯಲಾಗದೆ ಹಟ್ಟಿಗೆ ಓಡಿ, ಕರುವಿನ ಕುತ್ತಿಗೆ ತಬ್ಬಿಕೊಂಡು ನಕ್ಕಳು. ನಗು ನಿಂತ ಮೇಲೂ ಎದೆ ಸುಮ್ಮನಾಗಲಿಲ್ಲ.

ಆಮೇಲೆ ಕೇಳಬೇಕೆ, ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಂಜಿಗೆ ಒಂದು ದಿನ ಎರಡು ಸಲ ಉಪ್ಪು ಬಿತ್ತು, ಮರುದಿನ ಬೀಳಲೇ ಇಲ್ಲ. ದನಕ್ಕಿಡಬೇಕಾದ ಅಕ್ಕಿ ತೊಳೆದ ನೀರು ತುಳಸಿಗೆ ಹೋಯಿತು. ಮೋರಿಯ ಕಡೆಯಿಂದ ಕಲ್ಲು ಕುಟ್ಟುವ ಸದ್ದು ಕೇಳಿದರೆ ಸಾಕು, ಒಣಗಿದ ಬಟ್ಟೆಯನ್ನೇ ಮತ್ತೆ ಒಣಹಾಕಲು ಅಂಗಳಕ್ಕೆ ಬರುತ್ತಿದ್ದಳು.

ಅಷ್ಟರಲ್ಲಿ ಮುಂಡಾಜೆಯ ಲೋಕನಾಥನ ಮನೆಯಿಂದ ಸಂಬಂಧದ ಮಾತು ಬಂತು. ಪ್ರೇಮಾವತಿಯ ಮನೆಗೆ ಯಜಮಾನ ಅವಳ ಸೋದರಮಾವ ಧರ್ಣಪ್ಪ. "ಆಟಿಯಲ್ಲಿ ಮದುವೆಯ ಮಾತು ಬೇಡ, ಅದು ಕಳೆದು ಸೋಣ ಸಂಕ್ರಮಣಕ್ಕೆ ಉತ್ತರ ಹೇಳುವ," ಎಂದವರು, ಸ್ವಲ್ಪ ಹೊತ್ತು ಮೀಸೆ ತಿಕ್ಕಿ, "ಮಿಡಿಗೆ ಬೆರಳು ತೋರಿಸಿದವ ಅಲ್ಲವಾ ಅವ?" ಎಂದರು.

ಅಜ್ಜಿ ತಟ್ಟನೆ ಎದ್ದು ಹೋಗಿ ಅದೇ ಮಿಡಿಯ ತೊಟ್ಟಿಗೆ ಕೆಂಪು ದಾರ ಕಟ್ಟಿದರು. "ಇದು ಬೆಳೆದರೆ ಹುಡುಗನ ಕೈಗುಣ ಒಳ್ಳೆಯದು. ಕೊಳೆತರೆ ಬೇರೆ ಕಡೆ ನೋಡುವ."

ಮಾವ ತಲೆಯಾಡಿಸಿದರು. ಅವರಿಗೆ ಇಂಥದ್ದೆಲ್ಲ ಜಾತಕಕ್ಕಿಂತ ಹೆಚ್ಚು. ಪ್ರೇಮಾವತಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಮಾವನ ಎದುರು ನಿಂತು ಅವನೇ ಬೇಕು ಎನ್ನುವ ಧೈರ್ಯ ಅವಳಿಗೆಲ್ಲಿತ್ತು?

ಮರುದಿನವೇ ಮಿಡಿಯ ತುದಿ ಹಳದಿಯಾಯಿತು. ಅದರ ಮರುದಿನ ಮೆತ್ತಗಾಯಿತು. ಹಾಳು ಮಿಡಿಗೆ ಇಷ್ಟು ದೊಡ್ಡ ತಟ್ಟಿಯಲ್ಲಿ ಜೋತಾಡಲು ಬೇರೆ ಜಾಗ ಇರಲಿಲ್ಲವೇ ಎಂದು ಅವಳಿಗೆ ಅಳು ಬಂತು. ಆಮೇಲೆ ಸಿಟ್ಟು ಬಂತು. ಅತ್ತಿತ್ತ ನೋಡಿ, ಮೆತ್ತಗಾದದ್ದನ್ನು ಕಿತ್ತು ಗೊಬ್ಬರಗುಂಡಿಗೆಸೆದು, ದಾರವನ್ನು ಪಕ್ಕದ ಒಳ್ಳೆಯ ಮಿಡಿಗೆ ಕಟ್ಟಿದಳು. ಹಾಡು ಗುನುಗುತ್ತ ಒಳಗೆ ಬಂದಳು.

ಸಂಕ್ರಮಣದ ಬೆಳಿಗ್ಗೆ ಹಾಲು ಕರೆಯಲು ಹಟ್ಟಿಗೆ ಹೊರಟವಳು ಅಂಗಳದಲ್ಲೇ ನಿಂತುಬಿಟ್ಟಳು. ತಟ್ಟಿಯ ಎದುರು ಮುಕ್ಕಾಲಿ ಹಾಕಿ, ಅದರ ಮೇಲೆ ನಿಂತು, ಅಜ್ಜಿ ಕೆಂಪು ದಾರದ ಗಂಟನ್ನು ಬಿಚ್ಚುತ್ತಿದ್ದರು.

"ಅಜ್ಜೀ, ಎಂತ ಮಾಡ್ತಿದ್ದೀರಿ?"

"ನೀನು ಕಟ್ಟಿದ್ದಕ್ಕೆ ನೊಣ ಚುಚ್ಚಿ ಆಗಿದೆ. ಗಂಡ ಬೇಕಿದ್ದರೆ ಕಾಯಿ ನೋಡಿ ಕಟ್ಟಬಾರದಾ?"

ಅಜ್ಜಿ ಮೇಲಿದ್ದ ಪುಷ್ಟವಾದ ಕಾಯಿಯೊಂದನ್ನು ತಡವಿ ನೋಡುತ್ತಿದ್ದರು.

"ಹಾಗಾದರೆ ಆ ಮೊದಲಿನದ್ದು..."

"ಅದು ಕಾಯಿ ಕಟ್ಟದ ಮಿಡಿ. ಅವ ಬೆರಳು ತೋರಿಸದಿದ್ದರೂ ಕೊಳೆಯುವುದೇ. ಗೊತ್ತಿದ್ದೇ ಕಟ್ಟಿದ್ದು."

"ಯಾಕಜ್ಜಿ?"

ಅಜ್ಜಿ ದಾರವನ್ನು ಆ ಪುಷ್ಟವಾದ ಕಾಯಿಯ ತೊಟ್ಟಿಗೆ ಸುತ್ತಿದರು. "ನನ್ನ ಮದುವೆಗೆ ನನ್ನನ್ನು ಯಾರೂ ಕೇಳಿರಲಿಲ್ಲ," ಎಂದರು ಆಮೇಲೆ. "ನೀನೋ, ಯಾರು ಕೇಳಿದರೂ ಬಾಯಿ ಬಿಡುವವಳಲ್ಲ. ಅವ ಬೇಡವಾಗಿದ್ದರೆ ನೀನು ಅದನ್ನು ಸುಮ್ಮನೆ ಕೊಳೆಯಲಿಕ್ಕೆ ಬಿಡ್ತಿದ್ದೆ. ನೀನು ದಾರ ಬದಲಿಸಿದ್ದನ್ನು ಕಿಟಕಿಯಿಂದ ನೋಡಿದೆ. ನನಗೆ ಅಷ್ಟು ಸಾಕು."

ಪ್ರೇಮಾವತಿ ಓಡಿಹೋಗಿ ಅಜ್ಜಿಯ ಕಾಲನ್ನು ತಬ್ಬಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಾಗಲಿಲ್ಲ. ಮುಕ್ಕಾಲಿ ಅಲುಗಿತು.

"ಬೀಳಿಸಬೇಡ, ಗಟ್ಟಿ ಹಿಡಿ," ಎಂದರು ಅಜ್ಜಿ, ಗಂಟು ಬಿಗಿಯುತ್ತ. "ನಿನ್ನ ಮಾವ ಏಳುವ ಹೊತ್ತಾಯಿತು."