ಬಾಯಿ ಬಿಡದ ವರ್ಷ

ಬಿರಡೆ ಅರ್ಧಕ್ಕೇ ಮುರಿಯಿತು. ಮೇಲಿನ ತುಂಡು ತಿರುಪಿನ ಜೊತೆ ಬಂತು, ಕೆಳಗಿನದು ಬಾಟಲಿಯ ಕತ್ತಿನಲ್ಲೇ ಕೂತುಬಿಟ್ಟಿತು. ಅವಳು ಅವಸರ ಮಾಡಲಿಲ್ಲ. ಬಾಟಲಿಯನ್ನು ಓರೆಯಾಗಿ ಹಿಡಿದು, ತಿರುಪನ್ನು ಇನ್ನೊಮ್ಮೆ ಒಳಗಿಳಿಸಿ, ಮಗುವಿನ ಅಂಗಾಲಿನಿಂದ ಮುಳ್ಳು ತೆಗೆಯುವವಳ ಹಾಗೆ ಮೆಲ್ಲಗೆ ಎಳೆದಳು. ಮೇಜಿನ ಆಚೆ ಕೂತಿದ್ದ ಅಣ್ಣ ಸಹಾಯಕ್ಕೆಂದು ಕೈ ಚಾಚಿ, ಅರ್ಧದಲ್ಲೇ ಹಿಂದಕ್ಕೆ ತೆಗೆದುಕೊಂಡ.

ವೈನರಿ ಕಂಪನಿಯ ಪಾಲಾದ ಮೇಲೆ ಅಣ್ಣ ತಂಗಿ ಹೀಗೆ ಎದುರುಬದುರು ಕೂತದ್ದು ಇದೇ ಮೊದಲು. ಬೆಳಿಗ್ಗೆ ಅವನು ಗೇಟಿನ ಹತ್ತಿರ ಹೊರಗಿನವರಿಗೆ ಕೊಡುವ ಪಾಸನ್ನು ಕೊರಳಿಗೆ ಹಾಕಿಕೊಂಡು ಬಂದಾಗ ಅವಳು "ಬಂದ್ಯಾ" ಅಂದಿದ್ದಳು. ಅವನು "ಬಂದೆ" ಅಂದಿದ್ದ. ಅಲ್ಲಿಗೆ ಮಾತು ಮುಗಿದಿತ್ತು.

ಬೆಟ್ಟದ ಇಳಿಜಾರಿನಲ್ಲಿ ದ್ರಾಕ್ಷಿ ಬಳ್ಳಿ ನೆಟ್ಟವನು ಅವರ ಅಪ್ಪ. ಅದರ ಬುಡದಲ್ಲೇ ಬಂಡೆ ಒಡೆಸಿ ಈ ನೆಲಮಾಳಿಗೆ ಮಾಡಿಸಿದವನೂ ಅವನೇ. ಮಕ್ಕಳಿಬ್ಬರೂ ಪೀಪಾಯಿಗಳ ನಡುವೆ ಕಣ್ಣಾಮುಚ್ಚಾಲೆ ಆಡಿಕೊಂಡು ಬೆಳೆದರು. ಯಾವ ತೊಟ್ಟಿಯದನ್ನು ಯಾವುದಕ್ಕೆ ಬೆರೆಸಬೇಕು, ಎಷ್ಟು ಕಾಲ ಮರದ ಪೀಪಾಯಿಯಲ್ಲಿ ಮಲಗಿಸಬೇಕು ಎನ್ನುವುದು ದೊಡ್ಡವನ ಕೈಗೆ ಬಂತು. ರುಚಿ ನೋಡಿ ಹೇಳುವುದು ಚಿಕ್ಕವಳಿಗೆ. ಇವಳದು ಮೈಯೆಲ್ಲ ಮೂಗು ಎಂದು ಅಪ್ಪ ಅವಳನ್ನು 'ಮೂಗಿ' ಎಂದೇ ಕರೆಯುತ್ತಿದ್ದ. ಹೊಸಬರು ಅದನ್ನು ಕೇಳಿ, ಪಾಪ, ಹುಡುಗಿಗೆ ಮಾತು ಬರುವುದಿಲ್ಲವೇನೋ ಎಂದು ಮರುಗುತ್ತಿದ್ದರು. ಆಮೇಲೆ ಅವಳು ಬಾಯಿ ತೆರೆದರೆ ಎದ್ದು ಹೋಗಲು ದಾರಿ ಹುಡುಕುತ್ತಿದ್ದರು. ಹಳೆಯ ಬಾಟಲಿ ತೆಗೆದಾಗಲೆಲ್ಲ ಅಣ್ಣ ತಂಗಿಗೆ ಜಗಳ. ಅವನು ಹೂವು ಅಂದರೆ ಇವಳು ಎಲೆ ಅನ್ನಬೇಕು. ಇಬ್ಬರೂ ಒಪ್ಪಿಬಿಟ್ಟರೆ ಅಪ್ಪನಿಗೆ ಅನುಮಾನ. "ಏನೋ ಸರಿಯಿಲ್ಲ, ಇನ್ನೊಂದು ಸಲ ನೋಡಿ" ಎನ್ನುತ್ತಿದ್ದ.

ಅಪ್ಪ ಹೋಗುವಾಗ ಹೆಚ್ಚಿನ ಪಾಲು, ಕೊನೆಯ ಮಾತು, ಎರಡನ್ನೂ ಮಗನಿಗೆ ಬಿಟ್ಟುಹೋದ. ಮಗ ಒಂದು ಸುಗ್ಗಿ ಮುಗಿಸಿ, ಮರುವರ್ಷವೇ ಎಲ್ಲವನ್ನೂ ಮಾರಿದ. ಕೊಂಡದ್ದು ಸೋಪಿನಿಂದ ಸಿಮೆಂಟಿನ ತನಕ ಎಲ್ಲ ಮಾರುವ ಕಂಪನಿ. ಅವಳು ಬೇಡವೆಂದು ಅತ್ತಳು, ಕೂಗಾಡಿದಳು. ಕೊನೆಗೆ "ಅಪ್ಪನ ಬೆವರು ಮಾರಿ ಉಣ್ಣು, ಮೈಗೆ ಹತ್ತಿದ್ರೆ ನೋಡೋಣ" ಎಂದು ಹೇಳಿ ಮಾತು ಬಿಟ್ಟಳು. ಅವನು ದೂರದ ಊರಿಗೆ ಹೋಗಿ ಮನೆ ಮಾಡಿದ. ಕಂಪನಿಯವರು ಅವಳನ್ನು ಕೆಲಸದಲ್ಲಿ ಉಳಿಸಿಕೊಂಡರು. ತನ್ನ ನಾಲಿಗೆಗೆ ಅಷ್ಟಾದರೂ ಬೆಲೆ ಇದೆಯಲ್ಲ ಎಂದು ಅವಳು ಬಿಗುವಾಗಿಯೇ ಇದ್ದಳು.

ಆ ಬಿಗುವು ಬೇಗ ಸಡಿಲಾಯಿತು. ಕಂಪನಿಗೆ ಪ್ರತಿ ವರ್ಷವೂ ಒಂದೇ ರುಚಿ ಬೇಕಿತ್ತು. ಬಿಸಿಲು ಜಾಸ್ತಿಯಾದ ವರ್ಷ, ಮಳೆ ಕೆಡಿಸಿದ ವರ್ಷ ಎಂದೆಲ್ಲ ಗಿರಾಕಿ ತಲೆ ಕೆಡಿಸಿಕೊಳ್ಳಬಾರದು. ಬೇರೆ ಕಡೆಯ ರಸ ಟ್ಯಾಂಕರಿನಲ್ಲಿ ಬರತೊಡಗಿತು. ಪೀಪಾಯಿ ರಿಪೇರಿಯ ಮುದುಕ ಹೋದ, ಪೀಪಾಯಿಗಳೂ ಹೋದವು, ಉಕ್ಕಿನ ಟ್ಯಾಂಕುಗಳು ಬಂದವು. ಬಾಟಲಿಯ ಮೇಲೆ ಅಪ್ಪನ ಚಿತ್ರ ಹಾಕಿದರು. ಜೀವಮಾನದಲ್ಲಿ ಟೋಪಿ ಹಾಕದವನಿಗೆ ಒಂದು ಟೋಪಿ, ಜೊತೆಗೆ ಹುರಿ ಮಾಡಿದ ಮೀಸೆ. ಮೂಗಿಗಿಂತ ಮೂಗುತಿ ಭಾರ ಎಂದು ಅವಳು ಅಂದುಕೊಂಡಳೇ ಹೊರತು ಯಾರಿಗೂ ಹೇಳಲಿಲ್ಲ. ಹೇಳಲು ಯಾರಿದ್ದರು? ಟ್ಯಾಂಕಿನ ಮಾದರಿ ದಿನವೂ ಅವಳ ಮೇಜಿಗೆ ಬರುತ್ತಿತ್ತು. ಅವಳು ಬಾಯಿಗೆ ಹಾಕಿ, ಉಗಿದು, "ನಿನ್ನೆಯದರ ಹಾಗೇ ಇದೆ" ಎನ್ನುತ್ತಿದ್ದಳು. ಅದಷ್ಟೇ ಅವರಿಗೆ ಬೇಕಿತ್ತು. ಮಧ್ಯಾಹ್ನ ಕ್ಯಾಂಟೀನಿನ ಕಿಟಕಿಯ ಪಕ್ಕ ಒಬ್ಬಳೇ ಉಣ್ಣುತ್ತಿದ್ದಳು. ಸಂಜೆ ಹತ್ತಿರದ ಪೇಟೆಯ ಎರಡು ಕೋಣೆಯ ಬಾಡಿಗೆ ಮನೆಗೆ ಹೋಗಿ, ರೇಡಿಯೋ ಹಾಕಿ, ಅದು ಮಾತಾಡುತ್ತಿರುವಾಗಲೇ ನಿದ್ದೆ ಹೋಗುತ್ತಿದ್ದಳು.

ಈಗ ಹಳೆಯ ನೆಲಮಾಳಿಗೆಯ ಸರದಿ. ಅದನ್ನು ಖಾಲಿ ಮಾಡಿ, ದೀಪ ಹಾಕಿ, ಪಾರ್ಟಿಗಳಿಗೆ ಬಾಡಿಗೆ ಕೊಡುವುದೆಂದು ಮೇಲಿನವರು ತೀರ್ಮಾನಿಸಿದ್ದರು. ಅಲ್ಲಿ ಮಲಗಿದ್ದ ಹಳೆಯ ವರ್ಷಗಳ ವೈನ್‌ಗಳಲ್ಲಿ ಚೆನ್ನಾಗಿರುವುದನ್ನು ಮಾರುವುದು, ಕೆಟ್ಟದ್ದನ್ನು ಚೆಲ್ಲುವುದು. ಒಬ್ಬರ ಮಾತು ಸಾಲದು, ಇಬ್ಬರು ರುಚಿ ನೋಡಿ ಒಪ್ಪಬೇಕೆಂಬ ನಿಯಮವಿತ್ತು. ಮ್ಯಾನೇಜರ್ ಅವಳನ್ನು ಕೇಳದೆಯೇ ಅಣ್ಣನಿಗೆ ಫೋನು ಮಾಡಿದ್ದ. ಮ್ಯಾನೇಜರ್ ತಲೆ ತಗ್ಗಿಸಿ ಮಾತಾಡುವ ಒಳ್ಳೆಯ ಮನುಷ್ಯ. ಅಣ್ಣ ತಂಗಿ ಸೇರಿದರೆ ಸಂತೋಷಪಡುತ್ತಾರೆಂದು ತಿಳಿದಿದ್ದ.

ಮುರಿದ ಬಿರಡೆ ಪೂರ್ತಿ ಹೊರಬಂತು. ಅವಳು ಮಡ್ಡಿ ಕದಡದಂತೆ ತಮ್ಮಿಬ್ಬರ ಗ್ಲಾಸಿಗೂ ಪಕ್ಕದಲ್ಲಿದ್ದ ಮ್ಯಾನೇಜರನ ಗ್ಲಾಸಿಗೂ ಬಗ್ಗಿಸಿದಳು. ಅಂಚಿಗೆ ಇಟ್ಟಿಗೆಯ ಬಣ್ಣ ಬಂದಿತ್ತು.

"ಒಣಗಿದ ಹಣ್ಣು. ಸ್ವಲ್ಪ ಚರ್ಮದ ವಾಸನೆ. ಇನ್ನೂ ಗಟ್ಟಿಯಾಗಿದೆ" ಅಂದಳು.

"ಹೌದು, ಗಟ್ಟಿಯಾಗಿದೆ" ಅಂದ ಅಣ್ಣ. "ಬಣ್ಣ ಚೆನ್ನಾಗಿ ಉಳಿದಿದೆ."

ಮ್ಯಾನೇಜರ್ ಆ ಸಾಲಿನ ಬಾಟಲಿಗಳನ್ನು ಮಾರುವ ಕಡೆಗೆಂದು ಬರೆದುಕೊಂಡ. ಮುಂದಿನದಕ್ಕೂ ಹಾಗೇ ಆಯಿತು. ಅದರ ಮುಂದಿನದಕ್ಕೂ. ಅಣ್ಣ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ, ಮೂಗಿಗೆ ಹಿಡಿಯುತ್ತಿದ್ದ, ಗುಟುಕು ತೆಗೆದು ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗಿಯುತ್ತಿದ್ದ. ಆಮೇಲೆ ಸುಮ್ಮನೆ ಕೂರುತ್ತಿದ್ದ, ಅವಳು ಮಾತಾಡುವ ತನಕ. ಅವಳು ಹೇಳಿದ್ದಕ್ಕೆಲ್ಲ ಹೌದು. ಮೊದಮೊದಲು ಅವಳಿಗೆ ಸಿಟ್ಟು ಬಂತು. ತಪ್ಪು ಮಾಡಿದವನು ಈಗ ಮೂಗಿಗೆ ತುಪ್ಪ ಸವರುತ್ತಿದ್ದಾನೆ ಅಂದುಕೊಂಡಳು. ಆಮೇಲೆ ಇನ್ನೊಂದು ಗಮನಕ್ಕೆ ಬಂತು. ಬಣ್ಣ ಹೇಳುತ್ತಿದ್ದ, ಹುಳಿ ಹೇಳುತ್ತಿದ್ದ, ಒಗರು ಹೇಳುತ್ತಿದ್ದ. ವಾಸನೆಯ ಬಗ್ಗೆ ಒಂದೇ ಒಂದು ಮಾತು ಅವನಾಗಿ ಆಡಿರಲಿಲ್ಲ.

ಮುಂದಿನ ಬಾಟಲಿ ತೆರೆದ ಕೂಡಲೇ ಅವಳಿಗೆ ಗೊತ್ತಾಯಿತು. ಬಿರಡೆ ಕೆಟ್ಟಿತ್ತು. ಒದ್ದೆ ರಟ್ಟಿನ ಪೆಟ್ಟಿಗೆಗೆ ಬೂಸಲು ಹಿಡಿದ ನಾತ. ವೈನ್ ಗೊತ್ತಿಲ್ಲದವರೂ ಮುಖ ತಿರುಗಿಸುವಂಥದ್ದು. ಅವಳು ಏನೂ ಹೇಳದೆ ಅಣ್ಣನ ಗ್ಲಾಸಿಗೆ ಮೊದಲು ಬಗ್ಗಿಸಿದಳು.

"ನೀನೇ ಹೇಳು ಈ ಸಲ."

ಅವನು ಗ್ಲಾಸನ್ನು ಮೂಗಿಗೆ ಹಿಡಿದ. ಮೊದಲಿನ ಹಾಗೇ ಕಣ್ಣು ಅರ್ಧ ಮುಚ್ಚಿ, ಉದ್ದಕ್ಕೆ ಉಸಿರೆಳೆದ. ಗುಟುಕು ತೆಗೆದುಕೊಂಡ.

"ಚೆನ್ನಾಗಿದೆ" ಅಂದ. "ಇನ್ನೂ ಜೀವ ಇದೆ."

ಮ್ಯಾನೇಜರ್ ತನ್ನ ಗ್ಲಾಸಿಗೆ ಕೈ ಚಾಚಿದ. ಅವಳು ಬಾಟಲಿಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಇದರ ಬಿರಡೆ ಪುಡಿಪುಡಿಯಾಗಿದೆ, ತುಂಬ ಚೂರು ಬಿದ್ದಿದೆ. ಇದೇ ವರ್ಷದ್ದು ಬೇರೆ ತೆಗೆಯೋಣ" ಅಂದಳು. "ನೀವು ಬೇಕಾದ್ರೆ ಊಟ ಮುಗಿಸಿ ಬನ್ನಿ ಸರ್. ಹೊತ್ತಾಯ್ತು."

ಮ್ಯಾನೇಜರನ ಹೆಜ್ಜೆಯ ಸದ್ದು ಮೆಟ್ಟಿಲ ಮೇಲೆ ಕರಗಿತು.

"ಯಾವಾಗಿಂದ?" ಅಂದಳು.

ಅವನು ಗ್ಲಾಸಿನ ಕಾಲನ್ನು ಮೇಜಿನ ಮೇಲೆ ತಿರುಗಿಸುತ್ತ ಕೂತ. "ಕೆಟ್ಟಿತ್ತಾ ಅದು?"

"ಹೆಣದ ಹಾಗೆ."

"ಅಪ್ಪ ಹೋದ ಮೇಲೆ ನಂಗೆ ಜ್ವರ ಬಂತಲ್ಲ, ಅವಾಗ. ಜ್ವರ ಬಿಡ್ತು, ವಾಸನೆ ವಾಪಸ್ ಬರ್ಲಿಲ್ಲ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಆ ಸುಗ್ಗಿ ಪೂರ್ತಿ ಕಾದೆ. ಡಾಕ್ಟರ ಹತ್ರ ಹೋದೆ. ಅಡುಗೆಮನೇಲಿ ಹಾಲು ಸೀದು ಹೋದ್ರೂ ಗೊತ್ತಾಗಲ್ಲ ಮೂಗೀ."

ಆ ಹೆಸರು ಕೇಳಿ ಎಷ್ಟು ಕಾಲವಾಗಿತ್ತು. ಅವಳು ಅದನ್ನು ಕೇಳಿಸಿಕೊಳ್ಳದವಳ ಹಾಗೆ ಮೇಜು ಒರೆಸಿದಳು.

"ಅದಕ್ಕೆ ಮಾರಿದ್ಯಾ?"

"ಇನ್ನೇನು ಮಾಡ್ಲಿ?"

"ನಂಗೆ ಹೇಳ್ಬಹುದಿತ್ತು."

"ಹೇಳಿದ್ರೆ ನಾನಿದೀನಲ್ಲ ಅಂತಿದ್ದೆ. ಜೀವನ ಪೂರ್ತಿ ನೀನು ಕೋಲು ಹಿಡಿದು ಮುಂದೆ, ನಾನು ಕುರುಡ ಹಿಂದೆ."

"ಕೋಲು ಹಿಡಿಯಲ್ಲ ಅಂದಿದ್ನಾ ನಾನು?"

ಅವನು ಗ್ಲಾಸನ್ನು ಪಕ್ಕಕ್ಕೆ ಸರಿಸಿ, ಸಮಾಧಾನ ಮಾಡುವವನ ಹಾಗೆ, "ಒಂದು ಮಾತ್ರ ಮಾಡಿದ್ದೆ. ನಿನ್ನ ಕೆಲಸಕ್ಕೆ ಯಾರೂ ಕೈ ಹಾಕಬಾರದು, ನಿನಗೆ ಸಾಕು ಅನ್ನಿಸೋ ತನಕ ಇರಬೇಕು ಅಂತ ಒಪ್ಪಿಸಿಯೇ ಸಹಿ ಹಾಕಿದ್ದು" ಅಂದ.

ಅವನು ಅದನ್ನು ಕೊಡುಗೆಯ ಹಾಗೆ ಹೇಳಿದ. ಇಷ್ಟು ದಿನ ಕ್ಯಾಂಟೀನಿನಲ್ಲಿ ಒಬ್ಬಳೇ ಉಂಡದ್ದು, ಒಂದೇ ರುಚಿಯ ಟ್ಯಾಂಕುಗಳನ್ನು ಮುಕ್ಕಳಿಸಿ ಉಗಿದದ್ದು, ಎಲ್ಲ ತನ್ನ ನಾಲಿಗೆಗೆ ಬೆಲೆ ಇದೆ ಎಂದು ಉಳಿದಿದ್ದ ಚೂರು ಬಿಗುವಿನ ಮೇಲೆ ನಿಂತಿತ್ತು. ಅದೂ ಅಣ್ಣ ಬೇಡಿ ಕೊಡಿಸಿದ್ದು. ಬಯ್ಯಲು ಬಾಯಿ ತೆರೆದಳು. ಎದುರಿಗಿದ್ದವನ ಕೂದಲು ಬೆಳ್ಳಗಾಗಿತ್ತು. ಅಂಗಿಯ ಕಾಲರಿನ ಹತ್ತಿರ ಸೋಪಿನ ನೊರೆ ಒಣಗಿದ ಗೆರೆ ಹಾಗೇ ಉಳಿದಿತ್ತು. ಹೇಳುವವರು ಅವನಿಗೂ ಯಾರೂ ಇರಲಿಲ್ಲವೇನೋ.

ಅವಳು ಬೇರೆ ಬಾಟಲಿ ತೆಗೆದಳು. ಇಬ್ಬರಿಗೂ ಬಗ್ಗಿಸಿದಳು.

"ಅಂಜೂರ" ಅಂದಳು. ದನಿ ಇನ್ನೂ ಗಡುಸಾಗಿತ್ತು. "ಒಣಗಿದ್ದು. ಆಮೇಲೆ, ಅಪ್ಪನ ಕೋಟನ್ನ ಪೆಟ್ಟಿಗೆಯಿಂದ ತೆಗೆದಾಗ ಬರ್ತಿತ್ತಲ್ಲ, ಅದು."

"ಹೊಗೆಸೊಪ್ಪು ಬೆರೆತದ್ದಾ?"

"ಹೂಂ. ಆಮೇಲೆ ನೆನೆದ ಕಲ್ಲು."

ಅವನು ಗ್ಲಾಸು ಮೂಗಿಗೆ ಹಿಡಿದು ಯೋಚಿಸಿದ. "ಆ ವರ್ಷದ್ದರಲ್ಲಿ ಕಲ್ಲು ಇರ್ಲಿಲ್ಲ. ಪೆನ್ಸಿಲ್ ಕೆತ್ತಿದ ವಾಸನೆ ಇತ್ತು."

"ಕಲ್ಲೇ."

"ಪೆನ್ಸಿಲ್. ಇನ್ನೊಂದು ಸಲ ನೋಡು."

ಅವಳು ನೋಡಿದಳು. ಆಳದಲ್ಲಿ, ತೆಳ್ಳಗೆ, ಕೆತ್ತಿದ ಪೆನ್ಸಿಲಿನ ಮರ ಇತ್ತು. "ಇದ್ರೂ ಇರಬಹುದು" ಅಂದಳು. ಅಣ್ಣ ಹಲ್ಲು ಕಾಣುವ ಹಾಗೆ ನಕ್ಕ. ಮುಂದಿನ ಬಾಟಲಿಗಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅವಳು ಮೂಸಿ ಹೇಳುತ್ತಿದ್ದಳು, ಅವನು ನೆನಪಿನಿಂದ ತಕರಾರು ತೆಗೆಯುತ್ತಿದ್ದ. ಊಟ ಮುಗಿಸಿ ಬಂದ ಮ್ಯಾನೇಜರ್ ಇವರ ಜಗಳ ಕೇಳಿ ಮೆಟ್ಟಿಲ ಮೇಲೆಯೇ ಕೊಂಚ ಹೊತ್ತು ನಿಂತ.

ಕೊನೆಗೆ ಉಳಿದದ್ದು ಗೋಡೆಯ ಮೂಲೆಯ ಸಣ್ಣ ಸಾಲು. ಮಾರುವ ಮೊದಲು ಅಣ್ಣ ಮಾಡಿದ ಕೊನೆಯ ವೈನ್. ಆ ಸುಗ್ಗಿಯಲ್ಲಿ ಅವನು ಯಾರನ್ನೂ ಹತ್ತಿರ ಸೇರಿಸಿರಲಿಲ್ಲ. ಮಾರುವವನಿಗೆ ಮನಸ್ಸೆಲ್ಲಿ, ಕೈಗೆ ಸಿಕ್ಕಿದ್ದನ್ನು ಬೆರೆಸಿ ಮುಚ್ಚಿಟ್ಟಿದ್ದಾನೆ ಎಂದು ಅವಳು ಅದನ್ನು ಇದುವರೆಗೆ ಮುಟ್ಟಿರಲಿಲ್ಲ.

"ಇದನ್ನ ಬರೀ ಲೆಕ್ಕಾಚಾರದ ಮೇಲೆ ಮಾಡಿದ್ದು" ಅಂದ ಅಣ್ಣ, ಮ್ಯಾನೇಜರಿಗೆ ಕೇಳದಷ್ಟು ಮೆಲ್ಲಗೆ. "ಕಂಡದ್ದನ್ನ ಹೇಳು. ನನ್ನ ಮುಖ ನೋಡಬೇಡ."

ಅವಳು ಬಾಯಿಗೆ ಹಾಕಿದಳು. ಒಗರು ನಾಲಿಗೆಯನ್ನು ಹಿಡಿದುಕೊಂಡಿತು. ಹಣ್ಣಿಲ್ಲ, ಹೂವಿಲ್ಲ. ಉಗಿಯದೆ ನುಂಗಿ, ಕಾದಳು. ತುಂಬ ಹೊತ್ತಿನ ಮೇಲೆ ಗಂಟಲ ತಳದಿಂದ ಏನೋ ಎದ್ದು ಬಂದು, ಹೆಸರು ಹಿಡಿಯುವ ಮೊದಲೇ ಮುಚ್ಚಿಕೊಂಡಿತು.

"ಕೆಟ್ಟಿಲ್ಲ" ಅಂದಳು. "ಒಳಗೆ ಏನೋ ಇದೆ. ಇನ್ನೂ ಬಾಯಿ ಬಿಟ್ಟಿಲ್ಲ."

"ಬಿಡುತ್ತಾ?"

"ಬಿಡುತ್ತೆ. ಕಾಯ್ಬೇಕು. ನಾವು ಪೂರ್ತಿ ಮುದುಕರಾಗೋ ತನಕ."

ಅಣ್ಣ ತಲೆಯಾಡಿಸಿದ. ಮ್ಯಾನೇಜರ್ ಇಬ್ಬರ ಮುಖವನ್ನೂ ನೋಡಿದ. "ಇದು ಯಾವ ಕಡೆಗೆ ಮೇಡಂ? ಮಾರೋದಾ, ಚೆಲ್ಲೋದಾ?"

"ಈಗ ಮಾರಿದ್ರೆ ಕುಡಿದವರು ಬಯ್ತಾರೆ."

"ಕಾಯೋಕೆ ನಮ್ಮಲ್ಲಿ ಜಾಗ ಇಲ್ವಲ್ಲ" ಅಂದ ಅವನು, ತಾನೇ ತಪ್ಪು ಮಾಡಿದವನ ಹಾಗೆ. ಆಮೇಲೆ ದನಿ ತಗ್ಗಿಸಿ, "ಚೆಲ್ಲೋದು ಅಂತಲೇ ಹೇಳ್ಬಿಡ್ತೀನಿ. ನೀವು ಮನೆಗೆ ತಗೊಂಡು ಹೋದ್ರೆ ನಾನು ನೋಡಿಲ್ಲ" ಅಂದ.

ಸಂಜೆ ಕಂಪನಿಯ ವ್ಯಾನು ಅವರನ್ನೂ ಬಾಟಲಿಯ ಪೆಟ್ಟಿಗೆಗಳನ್ನೂ ಪೇಟೆಯ ಬಸ್ ನಿಲ್ದಾಣದ ತನಕ ಬಿಟ್ಟಿತು. ಅವನ ಬಸ್ಸು ಆಗಲೇ ನಿಂತಿತ್ತು. ನಿನ್ನದೇ ವೈನ್, ಅರ್ಧ ತಗೊಂಡು ಹೋಗು ಅಂದಳು. ಅವನು ಬೇಡ ಅಂದ. "ನನ್ನ ಹತ್ರ ಇದ್ರೆ ಅದು ಬಾಯಿ ಬಿಟ್ರೂ ನನಗೆ ಕೇಳಿಸಲ್ಲ. ವರ್ಷಕ್ಕೊಂದು ತೆಗೆದು ನೋಡು. ಫೋನ್ ಮಾಡು."

"ನೋಡ್ತೀನಿ" ಅಂದಳು. ಮನೆ ಇಲ್ಲೇ ಇದೆ, ಬಂದು ಹೋಗು ಎನ್ನುವ ಮಾತು ಗಂಟಲಿನ ತನಕ ಬಂದಿತ್ತು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಅಣ್ಣ ಮೆಟ್ಟಿಲು ಹತ್ತಿ, ಒಳಗೆ ಸೀಟು ಹುಡುಕುತ್ತ ಹೋದ. ಕಿಟಕಿಗಳ ಗಾಜಿನ ಮೇಲೆ ಬಿಸಿಲು ಬಿದ್ದಿದ್ದರಿಂದ ಅವನು ಎಲ್ಲಿ ಕೂತನೆಂದು ಅವಳಿಗೆ ಕಾಣಲಿಲ್ಲ. ಎಲ್ಲ ಕಿಟಕಿಗೂ ಸೇರಿಸಿ ಒಮ್ಮೆ ಕೈ ಎತ್ತಿದಳು.

ಆಟೋದವನು ಪೆಟ್ಟಿಗೆಗಳನ್ನು ಮನೆಯ ಬಾಗಿಲ ಹತ್ತಿರ ಇಳಿಸಿ ಹೋದ. ಎರಡು ಕೋಣೆಗಳಲ್ಲಿ ಮಲಗುವ ಕೋಣೆಯೇ ತಂಪು. ಅವಳು ಮಂಚದ ಕೆಳಗೆ ಗುಡಿಸಿ, ಹಳೆಯ ಕಂಬಳಿ ಹಾಸಿ, ಬಾಟಲಿಗಳನ್ನು ಒಂದೊಂದಾಗಿ ಒರೆಸಿ ಅಡ್ಡಕ್ಕೆ ಮಲಗಿಸಿದಳು. ಪಶ್ಚಿಮದ ಕಿಟಕಿಯಿಂದ ಬಿಸಿಲು ಇನ್ನೂ ನೆಲಕ್ಕೆ ಬೀಳುತ್ತಿತ್ತು. ಗೋಣಿಚೀಲವೊಂದನ್ನು ಬಚ್ಚಲಿನಲ್ಲಿ ನೆನೆಸಿ ತಂದು ಕಿಟಕಿಗೆ ಕಟ್ಟಿದಳು. ಕೋಣೆ ಕತ್ತಲಾಯಿತು. ನೆಲದ ಮೇಲೆ ಕೆನ್ನೆಯಿಟ್ಟು ಮಲಗಿ, ಸಾಲು ನೇರವಾಗಿದೆಯೇ ಎಂದು ನೋಡಿದಳು. ಚೀಲದ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಏಳಲಿಲ್ಲ.