ಹೃದಯದ ಚಿತ್ರಕ್ಕೆ ಅರ್ಧ ಅಂಕ

ಮಣ್ಣಿನ ಪಾಠ ಹೇಳುವ ಮಣ್ಣು ಮೇಷ್ಟ್ರಿಗೆ ಮೂವತ್ತೊಂದು ವರ್ಷದಿಂದ ಒಂದೇ ಚಟ. ಯಾರು ಏನು ಬರೆದರೂ ಅಂಕ ಹಾಕಬೇಕು. ಮದುವೆ ಕರೆಯೋಲೆಯನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿದ ಪುಣ್ಯಾತ್ಮ ಅವರು. ಹತ್ತಕ್ಕೆ ಹತ್ತನ್ನು ಮಾತ್ರ ಈವರೆಗೆ ಒಬ್ಬರಿಗೂ ಕೊಟ್ಟಿಲ್ಲ.

ಈಗ ಅವರ ಕುತ್ತಿಗೆಗೇ ಬಂದಿತ್ತು. ಶನಿವಾರ ಸಂಜೆ ಐದರೊಳಗೆ ಇಪ್ಪತ್ತು ಜನ ಸೇರದಿದ್ದರೆ ಮಣ್ಣಿನ ಪಾಠ ಬಂದ್ ಎಂದು ಕುಲಪತಿಗಳು ಹೇಳಿಬಿಟ್ಟಿದ್ದರು. ಹೊರಗಿನವರು ಬೇಕಾದರೂ ಸೇರಬಹುದಿತ್ತು, ಆದರೆ ಸೇರಿದ್ದವರು ಏಳೇ ಜನ. ಹಾಗಾಗಿ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋಣೆಯಲ್ಲಿ ಮೇಷ್ಟ್ರುಗಳಿಗೆ ಸೋಶಿಯಲ್ ಮೀಡಿಯಾ ಕಲಿಸುವ ತರಬೇತಿಗೆ ಅವರು ಕೆಸರು ಮೆತ್ತಿದ ಬೂಟಿನಲ್ಲೇ ಓಡಿ ಬಂದಿದ್ದರು. ಕಲಿಸುತ್ತಿದ್ದವಳು ಅವರ ಅಕ್ಕನ ಮಗಳು.

"ಮಾವ, ಒಂದು ನಿಮಿಷದ ವಿಡಿಯೋ ಹಾಕಿ. ಕೆಳಗೆ ಕಾಮೆಂಟ್ ಬರುತ್ತೆ. ಒಂದನ್ನೂ ಬಿಡದೆ ಉತ್ತರ ಕೊಡಿ, ಅಷ್ಟೇ."

"ಒಂದನ್ನೂ ಬಿಡಲ್ಲ," ಎಂದರು ಮೇಷ್ಟ್ರು.

ಬಿಡಲೂ ಇಲ್ಲ. ಜೇಡಿಮಣ್ಣನ್ನು ಉಂಡೆ ಕಟ್ಟಿ ತೋರಿಸಿದ ವಿಡಿಯೋ ಬೆಳಿಗ್ಗೆ ಹತ್ತು ಗಂಟೆಗೆ ಹೋಯಿತು. ಹನ್ನೊಂದಕ್ಕೆ ಅಕ್ಕನ ಮಗಳು ಹಣೆ ಚಚ್ಚಿಕೊಂಡಳು. 'ಸೂಪರ್ ಸರ್' ಎಂದವರಿಗೆ 'ಕಾರಣ ಕೊಟ್ಟಿಲ್ಲ, ಹತ್ತಕ್ಕೆ ಎರಡು.' ಕೆಂಪು ಹೃದಯ ಕಳಿಸಿದವಳಿಗೆ 'ಚಿತ್ರ ಅಂದವಾಗಿದೆ, ಭಾಗಗಳನ್ನು ಗುರುತಿಸಿಲ್ಲ, ಅರ್ಧ ಅಂಕ.' 'ಶುಭ ಹಾರೈಕೆಗಳು' ಎಂದವರಿಗೆ 'ಪ್ರಶ್ನೆಗೆ ಸಂಬಂಧವಿಲ್ಲ, ಸೊನ್ನೆ.'

"ಅಯ್ಯೋ ಮಾವ! ಆ ಸೊನ್ನೆ ತಗೊಂಡವರು ಕುಲಪತಿಗಳು!"

"ಹೆಸರು ನೋಡಿ ಅಂಕ ಹಾಕೋನಲ್ಲಮ್ಮ ನಾನು," ಎಂದರು ಮೇಷ್ಟ್ರು. ಆ ಸೊನ್ನೆಯ ಕಡೆಗೆ ಮಾತ್ರ ಮತ್ತೊಮ್ಮೆ ಕಣ್ಣು ಹಾಯಿಸಿದರು.

ಆದರೆ ಅಂಕದ ರುಚಿ ಹತ್ತಿದ ಜನ ಸುಮ್ಮನಿರುತ್ತಾರೆಯೇ? ಬಸ್ ಡ್ರೈವರೊಬ್ಬ ಚಕ್ರ ಹೂತುಹೋದ ಕಥೆ ಬರೆದು ಆರು ಗಿಟ್ಟಿಸಿದ. ಹಲ್ಲಿನ ಡಾಕ್ಟರಮ್ಮ ಐದೂವರೆ ಸಾಲದೆಂದು ಜಗಳಕ್ಕೇ ನಿಂತಳು. 'ಹೆಚ್ಚು ಬೇಕಾದರೆ ಪಾಠಕ್ಕೆ ಸೇರಿ' ಎಂದು ಮೇಷ್ಟ್ರು ಗದರಿದರು. ನಾ ಮುಂದು ತಾ ಮುಂದು ಎಂದು ಸೇರಿದರು! ಶನಿವಾರ ನಾಲ್ಕೂವರೆಗೆ ಲೆಕ್ಕ ಹತ್ತೊಂಬತ್ತಕ್ಕೆ ಬಂದು ನಿಂತಿತು.

ಅಷ್ಟರಲ್ಲಿ ಕುಲಪತಿಗಳೇ ಕಂಪ್ಯೂಟರ್ ಕೋಣೆಗೆ ಬಂದರು. ಕೋಣೆಯಲ್ಲಿದ್ದವರೆಲ್ಲ ಎದ್ದು ನಿಂತರು. ಕುಲಪತಿಗಳು ಎರಡು ಪುಟ ಮುಂದೆ ಹಿಡಿದು, "ಮಣ್ಣಿನ ಮೇಲೇ ಬರೆದಿದ್ದೀನಿ. ಮರುಮೌಲ್ಯಮಾಪನ ಆಗ್ಬೇಕು," ಎಂದರು.

ಮೇಷ್ಟ್ರು ಕನ್ನಡಕ ಏರಿಸಿ ಓದಿದರು. "ನಾಲ್ಕು. ಪಾಸು."

ಕುಲಪತಿಗಳು ಹಿಗ್ಗಿ ಹೀರೇಕಾಯಿಯಾದರು. ಆದರೂ ಗಡಿಯಾರ ನೋಡಿ, "ನಿಯಮ ನಿಯಮವೇ, ಮೇಷ್ಟ್ರೇ. ಇನ್ನೊಬ್ಬರು ಬೇಕು," ಎಂದರು.

ಐದಕ್ಕೆ ಎರಡು ನಿಮಿಷ ಇದ್ದಾಗ ಫೋನು ಟಿಣ್ ಎಂದಿತು.

'ಒಣಗಿ ತಾನೇ ಉದುರಿದರೆ ಮರಳು. ಉಜ್ಜಿದರೆ ಹೋಗುವುದು ಗೋಡುಮಣ್ಣು. ಚಾಕುವಿನಲ್ಲಿ ಕೆರೆದರೂ ಬಿಡದಿದ್ದರೆ ಜೇಡಿ. ಇಪ್ಪತ್ತೆಂಟು ವರ್ಷ ಒಬ್ಬರ ಬೂಟು ಒರೆಸಿ ಕಲಿತದ್ದು. ಪಾಠಕ್ಕೆ ಈಗಷ್ಟೇ ಸೇರಿದ್ದೇನೆ.'

ಮೇಷ್ಟ್ರಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಇಷ್ಟು ವರ್ಷ ಮನೆಯಲ್ಲೇ ಇದ್ದ ವಿದ್ಯಾರ್ಥಿನಿಯನ್ನು ತಾನು ಗುರುತಿಸಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿದರು: 'ಹತ್ತಕ್ಕೆ ಹತ್ತು.'

ಮರುಕ್ಷಣವೇ ಹೆಂಡತಿಯ ಉತ್ತರ ಬಂತು: 'ಸರಿ ಸರ್. ಇವತ್ತಿಂದ ಬೂಟು ನೀವೇ ಒರೆಸಿಕೊಳ್ಳಿ. ನನಗೆ ಓದೋದಿದೆ.'