ಒಂದು ಗಂಟೆ ಐವತ್ತು ನಿಮಿಷ

ಅಕ್ಕನ ಪಿಂಡವನ್ನು ಕಾಗೆ ಮುಟ್ಟುತ್ತಿಲ್ಲ ಎಂದು ಫೋನು ಬಂದಾಗ ಶ್ರೀಪಾದ ವಡೋದರಾದ ಮಕರಪುರದ ತನ್ನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ಕಾರ್ಖಾನೆಯ ಜನ ಬೆಂಚು ತುಂಬ ಕೂತಿದ್ದರು.

ಫೋನಿನಲ್ಲಿ ಅಕ್ಕನ ಮಗ ವಿನಯ್. ಕುಂದಾಪುರದ ಕಡೆ, ಊರಿನ ಹೊಳೆಬದಿಯಲ್ಲಿ ಹತ್ತನೆಯ ದಿನದ ಕ್ರಿಯೆಗೆ ಕೂತವನು.

"ಮಾವ, ಮರದ ಮೇಲೇ ಕೂತಿತ್. ಇಳೀತಿಲ್ಲ. ಅಮ್ಮನ ಮನಸ್ಸಲ್ಲಿ ಎಂತದೋ ಉಳ್ದಿತ್ ಅಂತ್ರ್ ಭಟ್ರು. ನಾವೆಲ್ಲ ಹೇಳಿ ಆಯ್ತ್. ನೀವೊಂದ್ ಮಾತಾಡಿ. ಫೋನ್ ಪಿಂಡದ ಹತ್ರ ಹಿಡೀತೆ."

ಹೋಟೆಲು ಮುಚ್ಚಿಡಲಾಗದೆಂದು ಹೇಳಿ ಶ್ರೀಪಾದ ಐದನೆಯ ದಿನಕ್ಕೇ ಹಿಂತಿರುಗಿದ್ದ. ನಿಜಕ್ಕೆ ಆ ಮನೆಯಲ್ಲಿ ಕೂರಲು ಅವನಿಂದ ಆಗಿರಲಿಲ್ಲ. ಬಂದಮೇಲೂ ಬಿಡುಗಡೆ ಇರಲಿಲ್ಲ. ಕಾವಲಿಗೆ ನೀರು ಚಿಮುಕಿಸಿದರೆ ಆ ಚುರ್ ಸದ್ದಿನೊಳಗಿಂದ ಅಕ್ಕ ಅವನ ಹೆಸರು ಹಿಡಿದು ಕೂಗುತ್ತಿದ್ದಳು.

ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಈ ಶಾಂತಕ್ಕನೇ. ಹೋದ ವರ್ಷ ಊರಿಗೆ ಹೋದಾಗ, ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ದೂರ, ಹೊತ್ತು ಎರಡನ್ನೂ ಹೇಳುವ ಪುಟವೊಂದನ್ನು ಅವಳಿಗೆ ಮೊಬೈಲಿನಲ್ಲಿ ತೋರಿಸಿದ್ದ. ವಡೋದರಾದಿಂದ ಮಂಗಳೂರಿಗೆ ಸಾವಿರದ ಐವತ್ತು ಚಿಲ್ಲರೆ ಕಿಲೋಮೀಟರು. ಒಂದು ಗಂಟೆ ಐವತ್ತು ನಿಮಿಷ. ಅಕ್ಕ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ನಕ್ಕಿದ್ದಳು.

"ಸಂತೆಗೆ ಹೋಯಿ ಬಪ್ಪುಕೆ ಇದಕ್ಕಿಂತ ಹೊತ್ತ್ ಬೇಕಲ ಮಾರಾಯ. ಹಾಂಗಾರೆ ನೀ ಕೂಗಳತೆಗೇ ಇಪ್ಪುದ್."

ಅದು ಆಕಾಶದಲ್ಲಿ ನೆಟ್ಟಗೆ ಗೆರೆ ಎಳೆದು ಮಾಡಿದ ಲೆಕ್ಕ, ಆ ಗೆರೆಯ ಮೇಲೆ ವಿಮಾನವೇ ಹೋಗುವುದಿಲ್ಲ ಎಂದು ಅವನು ಹೇಳಲಿಲ್ಲ. ಹತ್ತಿರದವನೆನಿಸಿಕೊಳ್ಳುವುದು ಹಿತವಾಗಿತ್ತು. ಅಕ್ಕನಿಗೆ ಉಸಿರು ಕಟ್ಟುತ್ತಿದೆ ಎಂದು ವಿನಯ್ ಫೋನಿನಲ್ಲಿ ಅತ್ತ ದಿನವೂ, ಜೀವ ಹಿಡಿದುಕೊಂಡಿರಲಿ ಎಂದು, ಅದೇ ಲೆಕ್ಕವನ್ನು ಹುಡುಗನಿಂದ ಅವಳ ಕಿವಿಗೆ ಹೇಳಿಸಿದ್ದ. ಮುಂಬೈ ಸುತ್ತಿ ಅವನು ಅಂಗಳಕ್ಕೆ ಕಾಲಿಟ್ಟಾಗ ಹೊರಟು ಒಂಬತ್ತು ಗಂಟೆ ಕಳೆದಿತ್ತು, ಅಕ್ಕ ಹೋಗಿಯಾಗಿತ್ತು. ವಿಮಾನ ತಡವಾಯಿತು ಎಂದುಬಿಟ್ಟ. ಎಲ್ಲರೂ ನಂಬಿದರು.

"ಮಾವ, ಹಿಡ್ದಿದೆ. ಮಾತಾಡಿ."

"ಅಕ್ಕ, ವಿನಯನ ಮದುವೆ ನಾನೇ ನಿಂತ್ ಮಾಡಿಸ್ತೆ."

ಆಚೆ ಕಡೆ ಹೊಳೆಯ ಸದ್ದು ಮಾತ್ರ. "ಇಲ್ಲ ಮಾವ," ಎಂದ ವಿನಯ್.

"ಭಾಯ್, ಸಾಂಬಾರ್," ಎಂದು ಯಾರೋ ಕರೆದರು. ಶ್ರೀಪಾದ ಒಲೆ ಆರಿಸಿ ಹಿತ್ತಲ ಬಾಗಿಲಿಗೆ ಹೋದ.

"ಅಕ್ಕ, ವಿಮಾನ ತಡ ಆಗ್ಲಿಲ್ಲ. ಇಲ್ಲಿಂದ ನೇರ ವಿಮಾನವೇ ಇಲ್ಲೆ. ನಂಗೆ ಮೊದ್ಲೇ ಗೊತ್ತಿತ್ತ್. ಮುಂಬೈಯಲ್ಲಿ ಕಾಯ್ಕ್, ಮಂಗಳೂರಲ್ಲಿಳ್ದ್ ಮತ್ತೆ ಕಾರಲ್ಲಿ ಎರಡು ತಾಸು. ಎಷ್ಟ್ ಓಡಿದ್ರೂ ಒಂಬತ್ತ್ ಗಂಟೆ. ನಾ ಕೂಗಳತೆಗೆ ಯಾವತ್ತೂ ಇರ್ಲಿಲ್ಲ."

ರೆಕ್ಕೆ ಬಡಿದ ಸದ್ದು ಫೋನಿನಲ್ಲೇ ಕೇಳಿಸಿತು. ಹಿಂದಿನಿಂದ ಹೆಂಗಸರ ದನಿ, "ಮುಟ್ತ್, ಮುಟ್ತ್."

ಶ್ರೀಪಾದ ಬಾಗಿಲ ಚೌಕಟ್ಟಿಗೆ ಒರಗಿದ. ವಿನಯ್ ಫೋನು ಹಿಡಿದು ಜನರಿಂದ ದೂರ ನಡೆಯುತ್ತಿದ್ದನೆಂದು ಕಾಣುತ್ತದೆ, ದನಿಗಳು ಕಡಿಮೆಯಾದವು.

"ಮಾವ."

"ಹೇಳು."

"ಕಡೀಗೆ ಬಾಯಿಗೆ ನೀರ್ ಬಿಡಿ ಅಂದ್ರ್ ಎಲ್ಲ. ನಾನೇ ಚಮಚ ತೆಗ್ದಿಟ್ಟೆ. ಮಾವ ಈಗ ಬತ್ರ್, ಅವ್ರ ಕೈಯಿಂದ್ಲೇ ಕುಡಿ ಅಂದೆ. ಎರಡ್ ಸಲ ನೀರ್ ಕೇಂಡ್ರ್ ಅಮ್ಮ. ನಾ ಕೊಡ್ಲಿಲ್ಲ."

ಶ್ರೀಪಾದ ಫೋನನ್ನು ಕಿವಿಗೆ ಒತ್ತಿಕೊಂಡು ಹೊಸ್ತಿಲ ಮೇಲೆ ಕೂತ. ಆ ಕಡೆ ಹುಡುಗನೂ ಫೋನು ಇಡಲಿಲ್ಲ.